ಶಾರ್ಕ್ ತಲೆಯೊಳಗೆ ನಮ್ಮ ಮಾವ ಇದ್ದರು

ಕ್ಲಬ್ಬಿನ ಮಾನ್ಯ ಮುಖ್ಯ ಕಾರ್ಯನಿರ್ವಾಹಕರೇ,

ಕಳೆದ ಭಾನುವಾರ ಮೈದಾನದಲ್ಲಿ ನಡೆದ ಹೊಡೆದಾಟದ ಬಗ್ಗೆ ನೀವು ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ ನನ್ನ ಮುಂದಿದೆ. ಹಾಳಾದ ವಸ್ತುಗಳ ಪಟ್ಟಿಯಲ್ಲಿ ನಾಲ್ಕನೆಯದು: ‘ಶಾರ್ಕ್ ವೇಷದ ಫೈಬರ್ ತಲೆ, ಒಂದು, ಪೂರ್ತಿ ಒಡೆದಿದೆ.’ ಐದನೆಯದು: ‘ಶಾರ್ಕ್ ವೇಷದ ಮೈ, ನೀಲಿ ಸ್ಪಂಜು, ಒಂದು, ಹರಿದು ಕಲೆಯಾಗಿದೆ.’ ಯಾವುದರ ಕಲೆ ಎಂದು ನೀವು ಬರೆದಿಲ್ಲ. ನಾನು ಹೇಳುತ್ತೇನೆ. ಅದು ರಕ್ತ, ನಮ್ಮ ಮಾವ ಪೊನ್ನುಸ್ವಾಮಿಯವರದು. ಆ ತಲೆ ಒಡೆಯುವಾಗ ಅದರೊಳಗೆ ಇನ್ನೊಂದು ತಲೆ ಇತ್ತು, ಅರವತ್ತಮೂರು ವರ್ಷದ್ದು. ಅದು ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ? ಸ್ಪಂಜಿಗೂ ಒಂದು ಸಾಲು ಸಿಕ್ಕಿದೆ, ಮನುಷ್ಯನಿಗೆ ಸಿಗಲಿಲ್ಲವೇ?

ನಾನು ಇಂದುಜಾ. ತವರು ಹರೂರು. ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ. ನನ್ನ ಗಂಡ ಪ್ರಭಾಕರನ್, ಸೇಲಂ ಅಮ್ಮಾಪೇಟೆಯ, ಕನ್ನಡ ಮನೆಮಾತಿನ ನೇಕಾರರ ಮನೆಯವರು. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಅವರ ಮುಖ ಸಪ್ಪಗಾಗುತ್ತದೆ. ಇದನ್ನೆಲ್ಲ ಬಹಿರಂಗ ಪತ್ರದಲ್ಲಿ ಬರೆಯಬಾರದೆಂದು ಗೊತ್ತು. ಆದರೆ ನೀವು ಅವರನ್ನು ‘ಮೊದಲನೇ ಆರೋಪಿ, ಸುಮಾರು ಐದೂವರೆ ಅಡಿ, ಕಪ್ಪು ಮೈಬಣ್ಣ’ ಎಂದಷ್ಟೇ ವರ್ಣಿಸಿದ್ದೀರಿ. ಗುರುತು ಪೂರ್ತಿಯಾಗಿರಲಿ ಎಂದು ಸೇರಿಸಿದೆ.

ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವಳು ನಾನು. ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿನಲ್ಲಿ ಬಿ.ಎಡ್. ಮಾಡುವಾಗ. ನಿಮಗೆ ಮೊದಲು ಇಂಗ್ಲಿಷಿನಲ್ಲೇ ಮೂರು ಸಲ ಬರೆದೆ. ಮೂರು ಸಲವೂ ನಿಮ್ಮ ಕಂಪ್ಯೂಟರು ಒಂದೇ ಉತ್ತರ ಕಳಿಸಿತು: ‘ಶಾರ್ಕ್ ಕುಟುಂಬದ ಸದಸ್ಯರಾಗಿರುವುದಕ್ಕೆ ಧನ್ಯವಾದ.’ ನಮ್ಮ ಕುಟುಂಬದ ಒಬ್ಬರು ನಿಜಕ್ಕೂ ಶಾರ್ಕ್ ಆಗಿದ್ದರೆಂಬುದು ಪಾಪ ಅದಕ್ಕೆ ಗೊತ್ತಿರಲಿಲ್ಲ. ಹಾಗಾಗಿ ಈಗ ಮಾವ ಮೈದಾನದಲ್ಲಿ ಕೂಗುತ್ತಿದ್ದ ಭಾಷೆಯಲ್ಲೇ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಅವರು ಏನು ಕೂಗುತ್ತಿದ್ದರೆಂದು ನಿಮಗೆ ತಿಳಿದಿರಲಾರದು. ನೀವು ಶಾರ್ಕ್ಸ್ ಎಂದು ಹೆಸರಿಡುವ ಮೊದಲು ನಮ್ಮದು ಲಾಳಿ ಕ್ಲಬ್. ಹಗಲೆಲ್ಲ ಮಗ್ಗದಲ್ಲಿ ಲಾಳಿ ಓಡಿಸಿದವರು ಸಂಜೆ ಚೆಂಡು ಓಡಿಸಿ ಕಟ್ಟಿದ ಕ್ಲಬ್ಬು. ಬಿಳಿ ಅಂಗಿ, ಕೆಂಪು ಅಂಚು. ಅಂಚು ನಮ್ಮ ಬೀದಿಯಲ್ಲೇ ನೇಯ್ದದ್ದು. ಈ ಕ್ಲಬ್ಬಿಗೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿತ್ತು. ನಮ್ಮ ಗೋಲಿನ ಹಿಂದೆ ಒಬ್ಬ ಹಿರಿಯ ನೇಕಾರ ನಿಂತು ಆಟ ಓದಿ ಗೋಲ್‌ಕೀಪರಿಗೆ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ. ಅವನಿಗೆ ಬೆನ್ನುಕಾವಲು ಎಂದು ಹೆಸರು. ‘ಎಡಕ್ಕೆ ಎಳೆ ತುಂಡು’ ಎಂದರೆ ಎಡಗಡೆ ನಮ್ಮವರಿಲ್ಲ, ಜಾಗ ಬಿಟ್ಟಿದೆ. ‘ಹೊಕ್ಕು ಬಂತು’ ಎಂದರೆ ಅಡ್ಡ ಪಾಸು ಬರುತ್ತಿದೆ. ಈರೋಡಿನವರಿಗೂ ಕೊಯಮತ್ತೂರಿನವರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ನಿಯಮದ ಪ್ರಕಾರ ಇದು ತಪ್ಪಂತೆ. ರೆಫರಿಗಳು ಮುದುಕನೊಬ್ಬ ದೇವರನ್ನು ಕೂಗುತ್ತಿದ್ದಾನೆ ಎಂದು ಬಿಟ್ಟುಬಿಡುತ್ತಿದ್ದರಂತೆ. ಮಾವ ಮೂವತ್ತೊಂದು ವರ್ಷ ಅಲ್ಲಿ ನಿಂತಿದ್ದರು.

ಆಮೇಲೆ ಪಾನೀಯದ ಕಂಪನಿಯವರಾದ ನೀವು ಬಂದು ಕ್ಲಬ್ ಕೊಂಡಿರಿ. ನಿಮ್ಮ ಪಾನೀಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಪುಕ್ಕಟೆ ಜಾಹೀರಾತು ಕೊಡಲು ನನಗೆ ಇಷ್ಟವಿಲ್ಲ. ಬಿಳಿ ಹೋಗಿ ನೀಲಿ ಬಂತು, ಲಾಳಿ ಹೋಗಿ ಶಾರ್ಕ್ ಬಂತು. ಸೇಲಂನಿಂದ ಸಮುದ್ರ ಎಷ್ಟು ದೂರ ಎಂದು ನಿಮ್ಮಲ್ಲಿ ಯಾರೂ ನಕಾಶೆ ನೋಡಲಿಲ್ಲವೇ? ನಮ್ಮ ಜಿಲ್ಲೆಯ ದೊಡ್ಡ ನೀರೆಂದರೆ ಮೇಟ್ಟೂರು ಅಣೆಕಟ್ಟು. ಅದರಲ್ಲಿ ಕೆಂಡೆ ಮೀನು ಸಿಗುತ್ತದೆ. ಅದನ್ನಾದರೂ ಇಟ್ಟಿದ್ದರೆ ಸಾರು ಮಾಡಿಕೊಳ್ಳಬಹುದಿತ್ತು.

ಈ ಸೀಸನ್ನಿನಲ್ಲಿ ಹೊಸ ನಿಯಮವೂ ಬಂತು: ಪಾಸ್ ಇಲ್ಲದವರು ಗೆರೆಯ ಹತ್ತಿರ ನಿಲ್ಲುವಂತಿಲ್ಲ. ಮಾವ ಪಾಸಿಗೆ ಅರ್ಜಿ ಹಾಕಲು ಹೋದರು. ಅರ್ಜಿಯಲ್ಲಿ ‘ಹುದ್ದೆ’ ಎಂಬಲ್ಲಿ ನಾಲ್ಕರಲ್ಲಿ ಒಂದನ್ನು ಆರಿಸಬೇಕಿತ್ತು. ವೈದ್ಯ, ಛಾಯಾಗ್ರಾಹಕ, ಭದ್ರತೆ, ವೇಷಧಾರಿ. ಬೆನ್ನುಕಾವಲು ಇರಲಿಲ್ಲ. ಸರ್ಟಿಫಿಕೇಟು ಕೇಳದ ಹುದ್ದೆ ಆ ನಾಲ್ಕರಲ್ಲಿ ಒಂದೇ. ಮಾವ ಅದನ್ನೇ ಆರಿಸಿದರು. ಈ ವಿಷಯ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಪಂದ್ಯವಿದ್ದ ದಿನ ಕಡಯಂಪಟ್ಟಿಗೆ ನೂಲಿನ ಕೆಲಸಕ್ಕೆಂದು ಹೊರಡುತ್ತಿದ್ದರು. ಆಟ ನೋಡಲಾಗದೆ ಸಂಕಟಕ್ಕೆ ಊರು ಬಿಡುತ್ತಾರೆಂದು ನಾವು ತಿಳಿದಿದ್ದೆವು.

ನಾನೂ ತಪ್ಪು ಮಾಡಿದ್ದೇನೆ, ಮುಚ್ಚಿಡುವುದಿಲ್ಲ. ಮದುವೆಯ ನಂತರ ಗಂಡನಿಗೆ ನಾನು ಕೊಟ್ಟ ಮೊದಲ ಉಡುಗೊರೆ ನಿಮ್ಮ ನೀಲಿ ಜೆರ್ಸಿ. ಅವರಿಗೊಂದು, ನನಗೊಂದು, ಜೋಡಿ. ಬೆನ್ನ ಮೇಲೆ ಇಬ್ಬರ ಹೆಸರು. ಅವರಿಗೆ ಫುಟ್‌ಬಾಲ್ ಅಂದರೆ ಪ್ರಾಣವೆಂದು ಕೇಳಿದ್ದೆ, ಬಣ್ಣ ಯಾರು ಕೇಳಿದ್ದರು? ಜಗಲಿಯಲ್ಲಿ ಎಲ್ಲರೂ ಕೂತಿರುವಾಗ ತಂದು ಬಿಚ್ಚಿದೆ. ಅವರ ಸ್ನೇಹಿತ ಸೆಲ್ವಂ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಏನ್ಲಾ ಪ್ರಭಾ, ಅತ್ತೆಮನೆ ಸೀರು, ಮದ್ವೆ ಉಡ್ಗೊರೆ, ಇದೇನಾ? ಮೀನ್ ಕೊಟ್ಟವ್ರೆ.”

“ಸುಮ್ಕಿರ್ಲಾ,” ಅಂದರು ನನ್ನ ಗಂಡ. “ಅವ್ಳಿಗೇನ್ ಗೊತ್ತು ಪಾವಂ, ಅರೂರ್ನೋಳು.”

ನನಗೆ ಉರಿಯಿತು. “ಹರೂರಲ್ಲೂ ಫುಟ್‌ಬಾಲ್ ಐತೆ. ಕಂಪನಿ ಬಂದ್ಮೇಲೆ ಲೇಡೀಸ್ ಟಾಯ್ಲೆಟ್ ಆದ್ರೂ ಆಯ್ತಲ್ಲ,” ಅಂದೆ.

“ಕಕ್ಕಸ್ಗೋಸ್ಕರ ಕ್ಲಬ್ ಮಾರ್ಬೋದಾ ತಂಗಚ್ಚಿ?” ಅಂದರು ಸೆಲ್ವಂ.

ಒಳಗಿನಿಂದ ನಮ್ಮ ಅತ್ತೆ ಚೆಲ್ಲಮ್ಮ ಬಂದರು. “ಮೂವತ್ ವರ್ಸ ಆಟ ನೋಡಾಕ್ ಓಗಿ ಒಟ್ಟೆ ಇಡ್ಕಂಡ್ ಕೂತಿದ್ದೋಳು ನಾನು. ನೀನ್ ಕೂತಿದ್ಯೇನ್ಲಾ ಸೆಲ್ವಂ? ಕಕ್ಕಸೂ ಬೇಕು, ಎಸ್ರೂ ಬೇಕು. ಎರ್ಡೂ ಕೇಳಾಕೆ ಬಾಯಿಲ್ವಾ ನಿಮ್ಗೆ?”

ಪಕ್ಕದ ಮನೆಯ ಅಣ್ಣಾಮಲೈ, “ನೀಲಿ ಆದ್ರೇನು, ಗೆಲ್ತಾವ್ರಲ್ಲ, ವಿಡ್ರಾ,” ಅಂದದ್ದೇ ತಡ, ಸೆಲ್ವಂ ಎದ್ದು ಅಣ್ಣಾಮಲೈ ಬಾಯಿಗೆ ಗುದ್ದಿದರು. ಹಲ್ಲು ಮುರಿದು ಜಗಲಿಯ ಮೇಲೆ ಬಿತ್ತು. ನಿಮ್ಮ ಜೆರ್ಸಿಯಲ್ಲೇ ರಕ್ತ ಒರೆಸಿದೆವು. ಚೆನ್ನಾಗಿ ಹೀರುತ್ತದೆ, ಬಟ್ಟೆ ಒಳ್ಳೆಯದೇ. ಮಾವ ಅಷ್ಟೂ ಹೊತ್ತು ಗೋಡೆಗೆ ಒರಗಿ ಕೂತಿದ್ದರು. ಕೊನೆಗೆ, “ಅವ್ರು ಏನಾರ ಎಸ್ರು ಇಟ್ಕಳ್ಳಿ. ಗೋಲ್ ಇಂದ್ಗಡೆ ನಿಲ್ಲಾಕೆ ಒಂದ್ ಜಾಗ ಐತಲ್ಲ, ಅಷ್ಟ್ ಸಾಕು,” ಅಂದರು.

ನನ್ನ ಗಂಡ ತಿರುಗಿ, “ನಿಂಗೆ ಮಾನ ಇಲ್ವಾ ಅಪ್ಪ?” ಅಂದರು. ಮಗ ಅಪ್ಪನ ಜೊತೆ ಆಡಿದ ಕೊನೆಯ ಮಾತು ಅದು. ಆಮೇಲೆ ಮೂರು ದಿನ ಇಬ್ಬರೂ ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದರು.

ಭಾನುವಾರ ಬಂತು. ನಮ್ಮವರ ಯೋಜನೆ ಇಷ್ಟೇ. ಮಧ್ಯಂತರದಲ್ಲಿ ಬೇಲಿ ಹಾರಿ ಶಾರ್ಕಿನ ತಲೆ ಕಿತ್ತು, ಅದನ್ನು ಬಿದಿರಿನ ಗಳಕ್ಕೆ ಸಿಕ್ಕಿಸಿ, ಅದರ ಕೆಳಗೆ ಕೆಂಪಂಚಿನ ಬಾವುಟ ಕಟ್ಟಿ ಮೈದಾನ ಸುತ್ತುವುದು. ನಾನು ಹೆಂಗಸರ ಕಡೆ ಅತ್ತೆಯ ಪಕ್ಕ ಕೂತಿದ್ದೆ. ಸಂಜೆ ನಾಲ್ಕೂವರೆಯ ಬಿಸಿಲು, ಸುತ್ತ ಇಪ್ಪತ್ತು ತಮಟೆ. ನನ್ನ ಗಂಡ ಗಳ ಹಿಡಿದು ಬೇಲಿ ಹಾರಿದ್ದು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎದ್ದು ನಿಂತು ಶಿಳ್ಳೆ ಹೊಡೆದೆ.

ಶಾರ್ಕ್ ಓಡಲಿಲ್ಲ. ಗೋಲಿನ ಹಿಂದೆ ನಿಂತಲ್ಲೇ ನಿಂತು, ನನ್ನ ಗಂಡ ಹತ್ತಿರ ಬರುತ್ತಿದ್ದಂತೆ ಎರಡೂ ರೆಕ್ಕೆ ಅಗಲಿಸಿತು. ನಾವು ಅದನ್ನು ಕೊಬ್ಬು ಅಂದುಕೊಂಡೆವು. ಮಗನಿಗೆ ಗುರುತು ಸಿಕ್ಕಿತು, ಮಾತಾಡಿಸಲು ಬರುತ್ತಿದ್ದಾನೆ ಎಂದು ಮಾವ ತಿಳಿದಿದ್ದರೆಂಬುದು, ಆಸ್ಪತ್ರೆಯಲ್ಲಿ ಅವರು ಬರೆದು ತೋರಿಸಿದಾಗ ನನಗೆ ಗೊತ್ತಾಯಿತು.

ಸೆಲ್ವಂ ಮೂತಿ ಹಿಡಿದು ಎಳೆದರು. ತಲೆ ಬರಲಿಲ್ಲ, ಗದ್ದದ ಕೆಳಗೆ ಬಕಲ್ ಹಾಕಿತ್ತು. ತಿರುಚಿದರು. ಶಾರ್ಕ್ ಮೈ ಸಮೇತ ತಿರುಗಿ ಮೊಣಕಾಲೂರಿ ಬಿತ್ತು. ಆಗ ನನ್ನ ಗಂಡ ಗಳವನ್ನು ಎರಡೂ ಕೈಯಲ್ಲಿ ಎತ್ತಿ ನೆತ್ತಿಯ ಮೇಲೆ ಹೊಡೆದರು. ಫೈಬರ್ ಸೀಳಿದ ಸದ್ದು ನಾವು ಕೂತಲ್ಲಿಗೂ ಕೇಳಿತು. ಎರಡನೆಯದು ದವಡೆಗೆ ಬಿತ್ತು. ಅಷ್ಟರಲ್ಲಿ ಇಪ್ಪತ್ತು ಜನ ಸೇರಿ ಒದ್ದರು. ಸ್ಪಂಜು ಅಲ್ಲವೇ, ಒದ್ದ ಕಾಲಿಗೆ ನೋವಾಗುವುದಿಲ್ಲ, ಹಾಗಾಗಿ ಮತ್ತೆ ಒದ್ದರು. ಒಬ್ಬ ಎದೆಯ ಮೇಲೆ ಹತ್ತಿ ಕುಣಿದ. “ಹೊಡೀರಿ ಅದನ್ನ, ಇನ್ನೂ ಹೊಡೀರಿ,” ಎಂದು ಕೂಗುತ್ತಿದ್ದವರಲ್ಲಿ ನಾನೂ ಇದ್ದೆ. ಅತ್ತೆಯೂ ಇದ್ದರು. ಒಳಗಿನಿಂದ ಮಾವ, “ಪ್ರಭಾ, ನಾನ್ಲಾ,” ಅನ್ನುತ್ತಲೇ ಇದ್ದರಂತೆ. ತಮಟೆಯ ನಡುವೆ ಯಾರಿಗೆ ಕೇಳಬೇಕು?

ಕೇಳಿದ್ದು ಒಬ್ಬರಿಗೆ. ನೀವು ಮಿಜೋರಾಂನಿಂದ ಕರೆತಂದ ಗೋಲ್‌ಕೀಪರಿಗೆ. ಹೊರಗಿನವನೆಂದು ನಮ್ಮವರು ಬೈಯುತ್ತಿದ್ದ ಆ ಹುಡುಗನ ಬೆನ್ನ ಹಿಂದೆ ಶಾರ್ಕ್ ಮೂರು ಪಂದ್ಯ ಕೂಗಿತ್ತು. ಮೊದಲ ಪಂದ್ಯದಲ್ಲಿ ಅವನಿಗೆ ಏನೂ ತಿಳಿಯಲಿಲ್ಲ. ಮೂರನೆಯದಕ್ಕೆ ‘ಎಳೆ ತುಂಡು’ ಎಂದರೆ ಯಾವ ಕಡೆ ಹಾರಬೇಕೆಂದು ತಿಳಿದಿತ್ತು. ಅವನು ಓಡಿ ಬಂದು ಶಾರ್ಕಿನ ಮೇಲೆ ಅಡ್ಡ ಬಿದ್ದ. ಅವನ ಬೆನ್ನಿಗೂ ನಾಲ್ಕು ಒದೆ ಬಿತ್ತು. ಬಕಲ್ ಬಿಚ್ಚಿದ್ದು ಅವನೇ. ಶಾರ್ಕಿನ ಹಲ್ಲುಗಳ ನಡುವಿನಿಂದ ಬಿಳಿ ಕೂದಲು ಬಂತು, ಆಮೇಲೆ ಒಂದು ಕಡೆಗೆ ಜೋತ ದವಡೆ. ನನ್ನ ಗಂಡ ಗಳ ಕೆಳಗೆ ಹಾಕಿದರು; ಪೊಲೀಸರು ಬಂದು ಹಿಡಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಮೂರು ಪಕ್ಕೆಲುಬು, ದವಡೆ, ಎಡಗಿವಿಯ ತಮಟೆ. ದವಡೆಯನ್ನು ತಂತಿಯಿಂದ ಬಿಗಿದಿದ್ದಾರೆ. ಇನ್ನು ಮೊದಲಿನಂತೆ ಕೂಗಲು ಆಗಲಿಕ್ಕಿಲ್ಲ ಎಂದರು ಡಾಕ್ಟರು. ಏನಾಯಿತೆಂದು ಅವರು ಕೇಳಿದಾಗ ಮಾವ ಕಾಗದ ಕೇಳಿ ತಮಿಳಿನಲ್ಲಿ ಬರೆದರು: ಮೆಟ್ಟಿಲಿಂದ ಬಿದ್ದೆ. ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಹಾಗೆಂದೇ ದಾಖಲಾಯಿತು.

ಇನ್ನು ನಿಮ್ಮ ವಿಷಯ. ವೇಷದೊಳಗೆ ಯಾರಿದ್ದರೆಂದು ನಿಮ್ಮ ಕಚೇರಿಗೆ ಗೊತ್ತಿಲ್ಲವಂತೆ. ವೇಷಧಾರಿಗಳನ್ನು ಕಳಿಸುವ ಗುತ್ತಿಗೆದಾರನ ಪಟ್ಟಿಯಲ್ಲೂ ಯಾರ ಹೆಸರೂ ಇಲ್ಲವಂತೆ. ಗೋಲ್‌ಕೀಪರ್ ಹುಡುಗನಿಗೆ ಬಾಯಿ ಬಿಡಬಾರದೆಂದು ಹೇಳಿ ಊರಿಗೆ ಕಳಿಸಿದ್ದೀರಿ. ಅಂದರೆ ನಿಮ್ಮ ಪ್ರಕಾರ ಶಾರ್ಕ್ ತಾನಾಗಿಯೇ ನಡೆದು ಬಂದಿತ್ತು. ಬಿಸಿಲಿನಲ್ಲಿ ಸ್ಪಂಜು ತಾನೇ ಬೆವರಿತ್ತು. ಒಳಗೆ ಮನುಷ್ಯನಿದ್ದನೆಂದು ಒಪ್ಪಿದರೆ ಅವನ ವಯಸ್ಸೇನು, ಅವನಿಗೆ ನೀರು ಕೊಟ್ಟಿರಾ, ಅವನನ್ನು ಕಾಯಲು ಯಾರಿದ್ದರು ಎಂಬ ಪ್ರಶ್ನೆಗಳು ಬರುತ್ತವೆ. ಬೊಂಬೆಯಾದರೆ ಯಾವ ಪ್ರಶ್ನೆಯೂ ಇಲ್ಲ.

ನಮ್ಮ ವಕೀಲರು ಧನಶೇಖರ್ ಇದನ್ನು ಕೇಳಿ ನಕ್ಕರು. “ನಲ್ಲದಾಯ್ತು ಬಿಡಮ್ಮ. ಒಳ್ಗೆ ಆಳಿಲ್ಲ ಅಂದ್ರೆ ಬರೀ ಸಾಮಾನ್ ಒಡೆದ ಕೇಸು. ನಾಳಿದ್ದೇ ಬೇಲ್ ಸಿಗ್ತೈತೆ. ಆಳಿದ್ದ ಅಂತ ನೀನೇ ಓಗಿ ಏಳಿದ್ರೆ ನಿನ್ ಗಂಡನ್ಗೆ ವರ್ಸಗಟ್ಲೆ ಜೈಲು. ಓಸ ಮದ್ವೆ, ಯೋಚ್ನೆ ಮಾಡು.”

ಯೋಚನೆ ಮಾಡಿದೆ, ಮಾನ್ಯರೇ. ಅವರ ಅಂಗಿಗಳನ್ನೆಲ್ಲ ಮಡಚಿ, ಬಿಚ್ಚಿ, ಮತ್ತೆ ಮಡಚುತ್ತ ಯೋಚಿಸಿದೆ. ನನಗೆ ಇಪ್ಪತ್ತನಾಲ್ಕು ವರ್ಷ. ಅವರು ಬೇಗ ಮನೆಗೆ ಬರಬೇಕು, ನನಗೆ ಬೇರೇನೂ ಬೇಡ ಅನ್ನಿಸಿತು. ಈ ಮಾತನ್ನೇ ಹೇಳಲು ನಿನ್ನೆ ಸಬ್‌ಜೈಲಿಗೆ ಹೋದೆ. ನಡುವೆ ಜಾಲರಿ. ಅವರು ನನ್ನನ್ನು ನೋಡಲಿಲ್ಲ.

“ಇಂದು, ಬೇಲ್ ಬೇಡ.”

“ಹುಚ್ಚಾ ನಿಮಗೆ? ಮಾವನೇ ಕೇಸ್ ಬೇಡ ಅಂತ ಬರೆದು ಕೊಟ್ಟವ್ರೆ. ಅವರು ಅದ್ರೊಳಗೆ ಇರ್ಲಿಲ್ವಂತೆ.”

“ಅಪ್ಪ ಅಂಗೇ ಏಳ್ತಾನೆ. ನಂಗೋಸ್ಕರ. ನಾನೂ ಅದ್ನೇ ಏಳಿ ಆಚೆ ಬಂದು, ಅವ್ನೆದ್ರು ಕೂತು ಅನ್ನ ತಿನ್ಲಾ? ನಾನ್ ಒಡೆದಿದ್ದು ನಮ್ಮಪ್ಪನ್ನ. ಬೊಂಬೆನ್ನಲ್ಲ. ಅಂಗಂತ ಬರ್ಸು.”

ಹೊರಗೆ ಬಂದು, ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ ಅತ್ತೆಗೆ ಅವರ ಮಾತು ಹೇಳಿದೆ. ಅತ್ತೆ, “ಬರಿ. ಆ ದೊಡ್ ಮನ್ಸಂಗೇ ಬರಿ. ನನ್ ಗಂಡ ಮೀನಾಗಿದ್ದ ಅಂತ ಮಾತ್ರ ಬರೀಬೇಡ,” ಅಂದರು. ಅತ್ತೆ, ಕ್ಷಮಿಸಿ. ಅದನ್ನು ಬಿಟ್ಟು ಇದನ್ನು ಬರೆಯಲು ಆಗಲಿಲ್ಲ.

ಒಳಗೆ ಯಾರೂ ಇರಲಿಲ್ಲ ಎಂದು ಮಾವ ಹೇಳುತ್ತಾರೆ, ನೀವೂ ಹೇಳುತ್ತೀರಿ. ಇಬ್ಬರ ಸುಳ್ಳಿಗೂ ಒಂದೇ ಪದಗಳು. ಅವರು ಹೇಳಿದ್ದು ಮಗನನ್ನು ಉಳಿಸಲು, ತಂತಿ ಬಿಗಿದ ದವಡೆಯೊಂದಿಗೆ. ನೀವು ಯಾರನ್ನು ಉಳಿಸಲು ಹೇಳಿದಿರಿ?

ನಾನು ಕೇಳುವುದು ದೂರು ವಾಪಸು ತೆಗೆಯಿರಿ ಎಂದಲ್ಲ. ಹಳೆಯ ಹೆಸರು, ಬಿಳಿ ಅಂಗಿ, ಅವುಗಳಿಗೆ ಬೀದಿಯವರು ಬೇರೆಯಾಗಿ ಬರುತ್ತಾರೆ. ನನ್ನ ಬೇಡಿಕೆ ಒಂದೇ. ನಿಮ್ಮ ಪಟ್ಟಿಯ ನಾಲ್ಕನೆಯ ಸಾಲಿನ ಮೇಲೆ ಒಂದು ಸಾಲು ಸೇರಿಸಿ: ‘ಪೊನ್ನುಸ್ವಾಮಿ, ನೇಕಾರ, ಅರವತ್ತಮೂರು ವರ್ಷ, ಮೂವತ್ತೊಂದು ವರ್ಷ ಈ ಕ್ಲಬ್ಬಿನ ಬೆನ್ನುಕಾವಲು. ಸ್ವಂತ ಮುಖದಲ್ಲಿ ಅಲ್ಲಿ ನಿಲ್ಲಲು ನಾವು ಬಿಡಲಿಲ್ಲ. ವೇಷ ಹಾಕಿಸಿ ನಿಲ್ಲಿಸಿದೆವು.’ ಅದರ ಕೆಳಗೆ ನಿಮ್ಮ ಸಹಿ ಹಾಕಿ. ನನ್ನ ಗಂಡ ತಾನು ಮಾಡಿದ್ದನ್ನು ಬರೆದು ನಿಮ್ಮ ಸಹಿಯ ಕೆಳಗೆ ತನ್ನ ಸಹಿ ಹಾಕುತ್ತಾರೆ. ಅದಕ್ಕೆ ಎಷ್ಟು ವರ್ಷ ಜೈಲಾಗುತ್ತದೆಂದು ಅವರಿಗೂ ನನಗೂ ಗೊತ್ತು. ನೀವು ಹಾಕದಿದ್ದರೂ ಅವರು ಹಾಕುತ್ತಾರೆ, ಸೋಮವಾರ ಬೆಳಿಗ್ಗೆ, ಕೋರ್ಟಿನಲ್ಲಿ. ನಿಮಗೆ ಅಲ್ಲಿಯವರೆಗೆ ಸಮಯವಿದೆ.

ಇಂತಿ,
ನಿಮ್ಮ ದೂರಿನಲ್ಲಿ ಹೆಸರಿಲ್ಲದವರ ಸೊಸೆ, ಹೆಸರಿರುವವರ ಹೆಂಡತಿ,
ಇಂದುಜಾ
ಅಮ್ಮಾಪೇಟೆ, ಸೇಲಂ