ಸೀಸೆಯ ತಳದ ಗಸಿ

ಗಜೇಂದ್ರಗಡ
೧೭ ಆಗಸ್ಟ್ ೧೯೫೭, ಸಂಜೆ

ಪ್ರೀತಿಯ ಅಣ್ಣಾ,

ಹುಬ್ಬಳ್ಳಿಯಲ್ಲಿ ನೀನೂ ವೈನಿಯೂ ಆರಾಮವೇ? ದವಾಖಾನೆಯ ಗದ್ದಲದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಕೂಸಿನ ಕಿವಿ ಸೋರಲು ಹತ್ತಿದಂದಿನಿಂದ ನನಗೆ ನಿದ್ದೆಯಿಲ್ಲ. ಅಕ್ಷರ ಸೊಟ್ಟಗಾದರೆ ನಗಬೇಡ. ಬಸ್ಸಿನ ಕಂಡಕ್ಟರ್ ಹಾಲಸಿದ್ದಪ್ಪ ಇದನ್ನು ಇಂದು ರಾತ್ರಿಯೇ ನಿನಗೆ ಮುಟ್ಟಿಸುತ್ತಾನೆ.

ಇಂದು ಮಧ್ಯಾಹ್ನ ನಾಲ್ಕು ಗಂಟೆಗೆ, ಚಮಚ ಸೀಸೆಗೆ ತಾಗಿದ ಸದ್ದಿಗೆ ಎಚ್ಚರವಾಯಿತು. ಕೂಸು ಬನಶಂಕರಿಯ ತೊಟ್ಟಿಲಿಗೆ ತಲೆಯಾನಿಸಿ ಮಂಪರಿನಲ್ಲಿದ್ದೆ. ಕಣ್ಣು ಬಿಟ್ಟರೆ ಅತ್ತೆ ಅನ್ನವ್ವನವರು, ನೀನು ಕಳಿಸಿದ ಔಷಧದ ಸೀಸೆಯನ್ನು ಅಲುಗದಂತೆ ಹಿಡಿದು, ಮೇಲಿನ ತಿಳಿಯನ್ನಷ್ಟೇ ಚಮಚಕ್ಕೆ ಬಗ್ಗಿಸುತ್ತಿದ್ದರು. ಈ ಮನೆಯಲ್ಲಿ ಮಕ್ಕಳ ಔಷಧ ಹಿರಿಯರ ಕೈಯಿಂದಲೇ ಆಗಬೇಕು. ಅಡುಗೆಮನೆಯ ಚಮಚ ಬೇಡ, ಅಳತೆಯದೇ ಆಗಬೇಕು ಎಂದು ನಾನು ಹೇಳಿದ್ದನ್ನು ಅವರು ಚಾಚೂ ತಪ್ಪದೆ ನಡೆಸಿದ್ದಾರೆ. ಪ್ರತಿ ಸಲ ಅಲ್ಲಾಡಿಸಿರಿ ಎಂದೂ ಹೇಳಿದ್ದೆನಲ್ಲ ಎಂದರೆ, “ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ಅಲ್ಲಾಡಿಕೋಂತನ ಬಂದೈತಿ, ಮತ್ತೇನ್ ಅಲ್ಲಾಡ್ಸೂದವಾ? ಕೂಸಿಗೆ ತಿಳಿ ಕುಡಸ್ತಾರೋ, ಗಸಿ ಕುಡಸ್ತಾರೋ?” ಎಂದರು.

ಏನು ಹೇಳಲಿ ಅಣ್ಣಾ! ಕೆರೆಯ ರಾಡಿ ನೀರನ್ನು ಕೊಡದಲ್ಲಿ ನಿಲ್ಲಿಸಿ, ತಿಳಿ ಬಗ್ಗಿಸಿ ಕುಡಿಸಿ ನಮ್ಮವರನ್ನು ಬೆಳೆಸಿದ ಕೈ ಅದು. ಅದೇ ಕೈ ಇಷ್ಟು ದಿನ ಕೂಸಿಗೆ ಬರೀ ಸಿಹಿನೀರು ಕುಡಿಸಿದಂತಾಯಿತು. ಜ್ವರ ಮತ್ತೆ ಏರಿದೆ. ಔಷಧವೆಲ್ಲ ತಳದಲ್ಲಿ, ಮಗ್ಗದ ನೂಲಿಗೆ ಹಚ್ಚುವ ಗಂಜಿಯಂತೆ ಕೂತಿದೆ. ವಿಷಯ ತಿಳಿದಾಗ ಅತ್ತೆ, “ನನ್ನ ಕೈಲೇ ಹಿಂಗಾತಲ್ಲವಾ” ಎಂದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರು, ಲಾಳಿ ಮುಟ್ಟಲಿಲ್ಲ. ಆಮೇಲೆ ಎದ್ದು ಬಂದು, “ಉಳಿದದ್ದೆಲ್ಲಾ ಒಮ್ಮೆಲೆ ಕುಡಿಸಿಬಿಡೂಣು, ತಪ್ಪಿದ್ದು ತುಂಬಿ ಬರ್ತೈತಿ” ಎಂದರು. ಖರೇ ಹೇಳುತ್ತೇನೆ, ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತ್ತು. ಆದರೆ ಈಗ ಅಲ್ಲಾಡಿಸಿದರೂ ಒಂದು ಚಮಚದಲ್ಲಿ ಎಷ್ಟು ಚಮಚದ ಔಷಧ ಹೋದೀತೋ! ನನ್ನ ಬಿ.ಎ. ಓದಿನಲ್ಲಿ ಇದಕ್ಕೆ ಉತ್ತರವಿಲ್ಲ. ಸೀಸೆಯನ್ನು ಮಡಿಲಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ವೈನಿಗೆ ನಮಸ್ಕಾರ. ಅತ್ತೆಯವರ ಮೇಲೆ ಸಿಟ್ಟಾಗಬೇಡ.

ನಿದ್ದೆಗೆಟ್ಟ ನಿನ್ನ ತಂಗಿ,
ನೀಲಗಂಗಾ

ತಾ.ಕ.: ಇಲ್ಲಿಯ ಡಾಕ್ಟರು ರೋಣಕ್ಕೆ ಹೋದವರು ನಾಳೆ ಮಧ್ಯಾಹ್ನ ಬರುತ್ತಾರಂತೆ. ನಮ್ಮವರು ಕೊಣ್ಣೂರಿನ ಆಚೆ, ಸೇತುವೆ ಮುಳುಗಿ ಸಿಕ್ಕಿಕೊಂಡಿದ್ದಾರೆ. ಟ್ರಂಕ್ ಕಾಲ್ ಹಚ್ಚಿ ನೋಡಿದೆ, ಲೈನು ಸಿಗಲಿಲ್ಲ. ನಿನ್ನ ಕಡೆಯಿಂದಾದರೆ ಸಿಕ್ಕೀತು. ಬೆಳಗಿನ ಔಷಧ ಇದೇ ಸೀಸೆಯದೋ, ಚೆಲ್ಲಿ ಹೊಸದಕ್ಕೆ ಕಾಯಬೇಕೋ? ಅರಳೆ ಗಿರಣಿಯ ಮಾಲೀಕರ ಮನೆಯಲ್ಲಿ ಫೋನಿನ ಪಕ್ಕದಲ್ಲೇ ಕೂಸಿನೊಂದಿಗೆ ಇರುತ್ತೇವೆ, ಅತ್ತೆಯೂ ಬರುತ್ತಾರೆ. ಇನ್ನು ಚಮಚ ಮುಟ್ಟುವುದಿಲ್ಲ ಎನ್ನುತ್ತಿದ್ದಾರೆ. ಹೇಳುವುದನ್ನು ನನಗಲ್ಲ, ಅವರಿಗೇ ಹೇಳು. ನಾಳೆಯೂ ಔಷಧ ಅವರ ಕೈಯಿಂದಲೇ ಆಗಲಿ. ಎಷ್ಟೇ ಹೊತ್ತಾಗಲಿ ಅಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಫೋನು ಮಾಡು.