ಸುತ್ತಿಗೆ ಮುಟ್ಟಬೇಡಿ

ಚೆನ್ನಿಯ ಅಪ್ಪನಿಗೆ,

ಮುದ್ದೆ ಮುಚ್ಚಿಟ್ಟಿದ್ದೇನೆ, ಚೆನ್ನಿಗೆ ಮೊದಲು ಇಕ್ಕಿ. ಸಂತೆಬಾಚಹಳ್ಳಿ ಸಂತೆಯ ಗಾಡಿ ಹತ್ತಿ ಗೋವಿಂದನಹಳ್ಳಿಗೆ ಅವ್ವನ ಹತ್ತಿರ ಹೋಗುತ್ತಿದ್ದೇನೆ.

ಇವತ್ತು ಸೂಲಗಿತ್ತಿ ಮತ್ತೆ ಬರುತ್ತಾಳಂತೆ. ಮೊನ್ನೆ ನನ್ನ ಗರ್ಭದಿಂದ ಕಿತ್ತ ಚೂರು ನೋಡಿದರೂ ಪಂಡಿತರಿಗೆ ರೋಗ ತಿಳಿಯಲಿಲ್ಲವಂತೆ, ಇನ್ನೊಂದು ಚೂರು ಬೇಕಂತೆ. ಅದನ್ನು ಕೀಳಲು ನೀವು ಅವಳಿಗೆ ಮಾಡಿಕೊಟ್ಟಿದ್ದ ಇಕ್ಕಳವನ್ನು ಬಾವಿಗೆ ಎಸೆದಿದ್ದೇನೆ, ಹುಡುಕಬೇಡಿ.

"ಎತ್ತೋಳ್ಗೆ ಇದ್ಯಾವ ನೋವವ್ವಾ, ಸುಮ್ಕಿರು" ಅಂದಳು ಸೂಲಗಿತ್ತಿ ಮೊನ್ನೆ. ಹೆರುವಾಗ ಕೂಗಿದರೆ ಯಾರೂ ಬೇಡವೆನ್ನಲಿಲ್ಲ. ಮೊನ್ನೆ ಅತ್ತೆ ನನ್ನ ಬಾಯಿಗೆ ಸೆರಗು ತುರುಕಿದರು. ನನ್ನ ಕೂಗು ಕೇರಿಗೆ ಕೇಳಬಾರದೆಂದು ನೀವು ಜಗಲಿಯಲ್ಲಿ ಕೂತು ಸುತ್ತಿಗೆಯಿಂದ ಹಂಡೆ ಬಡಿದಿರಿ. ನನ್ನ ಉಸಿರು ನಿಂತಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ ಅಂದುಕೊಂಡಿದ್ದೆ.

ನಿನ್ನೆ ಹಿತ್ತಲಲ್ಲಿ ಹುಲ್ಲಿನಡಿ ನೀವು ಬಚ್ಚಿಟ್ಟ ಆ ಹಂಡೆ ಸಿಕ್ಕಿತು. ಪಟ್ಟಣದ ದಂಡಿನ ಸಿಪಾಯಿಗಳಿಗೆ ಮಾಡಿಕೊಡಬೇಕಾದ ತಾಮ್ರದ ಹಂಡೆ, ನಿಮ್ಮಂಥ ಪಳಗಿದ ಕೈಯಲ್ಲೂ ಒಂದೇ ಕಡೆ ಬಡಿದು ಬಡಿದು ತೂತಾಗಿದೆ. ಅಂದರೆ ನಿಮಗೆ ಎಲ್ಲ ಕೇಳಿಸುತ್ತಿತ್ತು.

ರಕ್ತ ಇನ್ನೂ ನಿಂತಿಲ್ಲ. ನೀವು ಕರೆಯಲು ಬಂದರೆ ಚೆನ್ನಿಯ ಮುಖ ನೋಡಿ ಬರುತ್ತೇನೆ, ಇನ್ನೆಲ್ಲಿಗೆ ಹೋಗಲಿ? ಆದರೆ ಆ ಸೂಲಗಿತ್ತಿ ಮತ್ತೆ ನನ್ನ ಮೇಲೆ ಕೈಹಾಕಿದ ದಿನ ನೀವು ಸುತ್ತಿಗೆ ಮುಟ್ಟಬೇಡಿ.

ಕೇರಿಗೆಲ್ಲ ಕೇಳಲಿ.