ಹಸಿ ಅರಳೆಯ ಮಾತು

೨೧ ನವೆಂಬರ ೧೯೪೨, ಶನಿವಾರ, ಸಂಜೆ

ಇಂದೂ ಕಾಲೇಜಿನಲ್ಲಿ ಕನ್ನಡ ರಚನೆಯ ತಾಸು ತಡವಾಗಿಯೇ ಆರಂಭ. ಪ್ರೊ. ಯಜ್ಞೇಶ್ವರ ಬಂದರು, ರುಮಾಲು ತೆಗೆದು ಮೇಜಿನ ಮೇಲಿಟ್ಟರು, ಕಿಟಕಿ ಮುಚ್ಚಿಸಿದರು. ಕಿಟಕಿ ಏಕೆ? ಮಳೆಯಿಲ್ಲ, ಗಾಳಿಯಿಲ್ಲ. ಗೇಟಿನ ಬಳಿ ಸಾದಾ ಉಡುಪಿನ ಪೋಲೀಸನೊಬ್ಬ ಶೇಂಗಾ ತಿನ್ನುತ್ತ ನಿಂತಿರುವುದು ಆಗಸ್ಟಿನ ಚಳವಳಿ ಶುರುವಾದಾಗಿನಿಂದ ನಿತ್ಯದ ನೋಟ. ಒಳಗಿನ ಮಾತು ಅವನಿಗೆ ಕೇಳಬಾರದೆಂದೋ, ಅವನು ನಮಗೆ ಕಾಣಬಾರದೆಂದೋ...

ವಹಿ ಮರಳಿ ಬಂತು. 'ಕಂಡದ್ದನ್ನು ಕಂಡಂತೆ ಹನ್ನೆರಡು ಸಾಲು' ಎಂಬ ಪಾಠಕ್ಕೆ ರಾಯಾಪುರದ ಏರಿನಲ್ಲಿ ಇದ್ದಿಲ ಗ್ಯಾಸಿನ ಬಸ್ಸು ನಿಂತದ್ದನ್ನು ಬರೆದಿದ್ದೆ. ಅಂಚಿನಲ್ಲಿ ಕೆಂಪು ಮಸಿ: 'ನೀವು ಬಸ್ಸನ್ನು ನೋಡಿಲ್ಲ, ಅದರ ಮೇಲೆ ಸಿಟ್ಟಾಗಿದ್ದೀರಿ.' ಹತ್ತು ವರ್ಷ ಸಾಲೆಯ ಮಕ್ಕಳ ವಹಿ ತಿದ್ದಿದವನು ನಾನು. ನನಗೆ ಇದು.

ಹನ್ನೊಂದು ಜನರಲ್ಲಿ ನಾನೇ ಹಿರಿಯ. ಮೂವತ್ಮೂರು. ಉಳಿದವರಿಗೆ ಮೀಸೆ ಈಗ ಮೊಳೆಯುತ್ತಿದೆ. ನನ್ನ ಬೆಂಚಿನಲ್ಲೇ ಗೌಸಮೊದ್ದೀನ. ಬೈರಿದೇವರಕೊಪ್ಪದ ಸಾಲೆಯಲ್ಲಿ ನಾನೇ ಅಕ್ಷರ ತಿದ್ದಿಸಿದ ಹುಡುಗ, ಪಿಂಜಾರ ಅಮೀನಸಾಬನ ಮಗ. ಗಾದಿಗೆ ಅರಳೆ ಹಿಂಜುವ ಮನೆಯಿಂದ ಕಾಲೇಜಿಗೆ ಬಂದ ಮೊದಲನೆಯವ. ಈಗ ಇಬ್ಬರೂ ಒಂದೇ ದೌತಿಯಲ್ಲಿ ಟಾಕು ಅದ್ದುತ್ತೇವೆ. ಅವನು ಇನ್ನೂ 'ಮಾಸ್ತರ್ರ' ಎನ್ನುತ್ತಾನೆ. ಉಳಿದವರೂ ಅದನ್ನೇ ಹಿಡಿದಿದ್ದಾರೆ, ಅವರ ಬಾಯಲ್ಲಿ ಅದು ಚೇಷ್ಟೆ.

೨೮ ನವೆಂಬರ, ಶನಿವಾರ

ವಿಷಯ: ಹಟ. ಬರೆದದ್ದನ್ನು ಎದ್ದು ನಿಂತು ಓದಬೇಕು.

ಗೌಸಮೊದ್ದೀನನದು ಎಲ್ಲರಿಗಿಂತ ಮೇಲು. ಹೆಬ್ಬಳ್ಳಿಯಲ್ಲಿದ್ದ ಅವನ ಅಜ್ಜಿಯನ್ನು ಕರೆತರಲು ಕಾಕಾ ಮೂರು ಸಲ ಚಕ್ಕಡಿ ಹೂಡಿಕೊಂಡು ಹೋದದ್ದು. ಮೂರು ಸಲವೂ ಮುದುಕಿ ಚಕ್ಕಡಿಯಲ್ಲಿ ತನ್ನ ಕೋಳಿಗಳನ್ನು ಕೂಡಿಸಿ ಕಳಿಸಿ, ತಾನು ಒಳಗೆ ಹೋಗಿ ಅಗಳಿ ಹಾಕಿಕೊಂಡದ್ದು. ಕೊನೆಯ ವಾಕ್ಯ: 'ನಮ್ಮ ಕಾಕಾ ಹಸಿ ಅರಳೆ ಹಿಂಜಲು ಹೋಗಿ ಬಿಲ್ಲಿನ ನರ ಹರಿದುಕೊಂಡ.'

ಹುಡುಗರು ಬೆಂಚು ಬಡಿದು ನಕ್ಕರು. ಅರ್ಥ ಕೇಳಿದೆ. ಅರಳೆ ಹಸಿಯಿದ್ದರೆ ಎಷ್ಟು ಬಡಿದರೂ ಅರಳುವುದಿಲ್ಲವಂತೆ, ಬಡಿಯುವ ಬಿಲ್ಲಿನ ನರವೇ ಹರಿಯುತ್ತದಂತೆ. ಇಂಥ ಮಾತು ಯಾವ ಪುಸ್ತಕದಲ್ಲೂ ಓದಿಲ್ಲ ಎಂದೆ.

"ನಮ್ಮ ಮನ್ಯಾಗ ಆಡೂ ಮಾತ್ರೀ, ಮಾಸ್ತರ್ರ. ಹೊರಗ ಯಾರೂ ಅನ್ನೂದಿಲ್ಲ."

ಯಜ್ಞೇಶ್ವರರು ನಗಲಿಲ್ಲ. ಈ ಮಾತನ್ನು ಬೇರೆಲ್ಲಾದರೂ ಬರೆದಿದ್ದೀಯೇನು ಎಂದು ಕೇಳಿದರು. ಹುಡುಗ ತುಸು ತಡೆದು, ಇಲ್ಲ ಎಂದ. ಇನ್ನೂ ನಾಲ್ವರು ಓದುವುದಿತ್ತು. ಓದಿಸಲಿಲ್ಲ. ಎಲ್ಲರ ವಹಿಗಳನ್ನೂ ಆಗಿಂದಾಗಲೇ ಕೂಡಿಸಿ ಒಯ್ದರು. ಅವನದು ಎಲ್ಲಕ್ಕೂ ಮೇಲೆ.

ಆ ಪ್ರಶ್ನೆ ಏಕೆ ಕೇಳಿದರು? ರಚನೆಗೂ ಅದಕ್ಕೂ ಏನು ಸಂಬಂಧ?

೬ ಡಿಸೆಂಬರ, ರವಿವಾರ, ಮಧ್ಯಾಹ್ನ

ನಿನ್ನೆಯೂ ವಹಿ ಕೊಡಲಿಲ್ಲ. ಇಂದು ಕಾರಣ ತಿಳಿಯಿತು.

ಸಂತೆಯಿಂದ ಬರುವಾಗ ಕಣ್ಣಾರೆ ಕಂಡೆ. ಪೋಲೀಸ್ ಫೌಜದಾರನ ಮನೆಯಿಂದ ಯಜ್ಞೇಶ್ವರರು ಹೊರಬಂದರು. ಫೌಜದಾರ ಗೇಟಿನ ತನಕ ಬಂದು ಕೈ ಕುಲುಕಿದ. ಇವರು ಮಡಿಸಿದ ಕಾಗದವೊಂದನ್ನು ಕೋಟಿನ ಒಳಗಿಸೆಗೆ ಹಾಕಿಕೊಂಡರು. ನನ್ನನ್ನು ನೋಡಿ ನೋಡದವರಂತೆ ಹೋದರು.

೧೯೩೦ ಮರೆಯುವ ವರ್ಷವಲ್ಲ. ಇಂಟರದಲ್ಲಿದ್ದೆ. ಗೋಡೆಗೆ ಭಿತ್ತಿಪತ್ರ ಹಚ್ಚಿದವರು ಐವರು, ಪ್ರಿನ್ಸಿಪಾಲರ ಮೇಜಿಗೆ ಹೋದದ್ದು ನನ್ನೊಬ್ಬನ ಹೆಸರು. ಅದಕ್ಕೆ ಒಂದು ವಾರ ಮೊದಲು ಒಬ್ಬ ಗುರುಗಳು ನನ್ನ ವಹಿ ಕೇಳಿ ಒಯ್ದಿದ್ದರು, 'ಅಕ್ಷರ ಚೆನ್ನಾಗಿದೆ, ಉಳಿದವರಿಗೆ ತೋರಿಸಬೇಕು' ಎಂದು. ಎರಡು ವರ್ಷ ಹೊರಗೆ ಹಾಕಿದರು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಲೋಕಲ್ ಬೋರ್ಡಿನ ಸಾಲೆಯೇ ಗತಿಯಾಯಿತು. ಪದವಿಯಿಲ್ಲವೆಂದು ಹೆಡ್ಮಾಸ್ತರಿಕೆ ಎರಡು ಸಲ ತಪ್ಪಿತು. ಈಗ ರಜೆ ಹಾಕಿ ಹುಡುಗರ ನಡುವೆ ಕುಳಿತಿದ್ದೇನೆ. ಆ ಗುರುಗಳ ಹೆಸರು ಬರೆಯುವುದಿಲ್ಲ. ಮರೆತೂ ಇಲ್ಲ.

ಅಂದಿನಿಂದ ನಮ್ಮ ಮನೆಯೊಳಗೆ ಚಳವಳಿಯ ಒಂದು ಚೂರು ಕಾಗದವೂ ಬರಬಾರದೆಂದು ನಿಯಮ ಮಾಡಿದ್ದೇನೆ. ಈಗ ಊರೆಲ್ಲ ಕೈಯಿಂದ ಕೈಗೆ ಹೋಗುವ ಬುಲೆಟಿನ್ನುಗಳಲ್ಲಿ ಒಂದನ್ನೂ ಓದಿಲ್ಲ. ಹೆದರಿಕೆಯಿಂದಲ್ಲ. ಎಚ್ಚರ.

ಹೆಂಡತಿ ಮೃಣಾಲಿನಿಗೆ ಕಂಡದ್ದನ್ನು ಹೇಳಿದೆ. ಹುಬ್ಬಳ್ಳಿಯ ತವರಿಗೆ ಹೊರಟವಳು, ತಂಗಿಯ ಬಾಣಂತನಕ್ಕೆ. ಟ್ರಂಕಿನಿಂದ ತಲೆ ಎತ್ತಲಿಲ್ಲ.

"ಫೌಜದಾರರ ಮನಿಗೆ ಹಾಲಿನಾಕಿನೂ ಹೋಗ್ತಾಳ. ಅಕಿನೂ ಸಿಐಡಿ ಏನ್ರಿ?"



೧೨ ಡಿಸೆಂಬರ, ಶನಿವಾರ

ವಹಿಗಳು ಬಂದವು. ನನ್ನದರಲ್ಲಿ ಎರಡೇ ಕೆಂಪು ಗೆರೆ. ಗೌಸಮೊದ್ದೀನನ ಇಡೀ ಹಾಳೆಗೆ ಅಡ್ಡಗೆರೆ. ಕೆಳಗೆ: 'ಗ್ರಾಮ್ಯ, ಅಶುದ್ಧ. ಹಾಳೆ ಹರಿದು ನನ್ನ ಕೈಗೆ ಕೊಟ್ಟು, ಬೇರೆ ವಿಷಯದ ಮೇಲೆ ಬರೆಯಬೇಕು.'

ಯುದ್ಧದಿಂದ ಕಾಗದ ಬಂಗಾರವಾಗಿದೆ. ಅಂಚು ಬಿಟ್ಟರೆ ಬೈಯುವ, ಹಾಳೆಯ ಎರಡೂ ಮಗ್ಗುಲಿಗೆ ಬರೆಸುವ ಮನುಷ್ಯ. ಅಂಥವರು ಒಂದಿಡೀ ಹಾಳೆ ಹರಿಸುತ್ತಾರೆ! ಹರಿದದ್ದು ಬುಟ್ಟಿಗೂ ಬೀಳಲಿಲ್ಲ. ನಾಲ್ಕು ಮಡಿಕೆಯಾಗಿ ಅದೇ ಒಳಗಿಸೆಗೆ ಹೋಯಿತು.

ಎದ್ದು ನಿಂತೆ. ಗ್ರಾಮ್ಯವೆಂದರೆ ಅಶುದ್ಧವೆಂದು ಯಾವ ವ್ಯಾಕರಣ ಹೇಳುತ್ತದೆ ಎಂದು ಕೇಳಿದೆ. ಹುಡುಗರಿಗೆ ಹಬ್ಬ.

"ಕೂಡ್ರಿ, ರಮಾಕಾಂತರಾವ್. ಎಲ್ಲಾ ಮಾತೂ ಎಲ್ಲಾ ಕಡೆ ಆಡೂದಲ್ಲ."

ಇಷ್ಟೇ ಉತ್ತರ. ಇದನ್ನೇ ೧೯೩೦ರಲ್ಲೂ ಕೇಳಿದ್ದೆ, ಇದೇ ಧ್ವನಿಯಲ್ಲಿ.

ಹೊರಗೆ ಬಂದ ಮೇಲೆ ಗೌಸಮೊದ್ದೀನ ನನ್ನ ತೋಳು ಹಿಡಿದ. ಬಿಟ್ಟುಬಿಡಿ ಎಂದ, ತಪ್ಪು ತನ್ನದೇ ಎಂದ. ಮುಖ ಬಿಳಿಚಿತ್ತು. ಹೆದರಿಸಿದ್ದಾರೆ, ಸಂಶಯವೇ ಇಲ್ಲ. ನೀನು ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದೆ.

೧೪ ಡಿಸೆಂಬರ, ಸೋಮವಾರ

ಹುಬ್ಬಳ್ಳಿಯ ವಾರಪತ್ರಿಕೆಗೆ ಪತ್ರ ಬರೆದೆ. ನಾಲ್ಕು ಪುಟ. ಮನೆಯಲ್ಲಿ ಓದಿ ಹೇಳಲು ಯಾರೂ ಇಲ್ಲ. ಗೋಡೆಗೇ ಓದಿದೆ, ಚೆನ್ನಾಗಿತ್ತು.

ತಲೆಬರಹ: ಕಾಲೇಜಿನಲ್ಲಿ ಕನ್ನಡದ ಕೊಲೆ. ನಮ್ಮ ಕಡೆಯ ಕಸುಬುದಾರರ ಬಾಯಲ್ಲಿ ಇರುವ ಮಾತುಗಳನ್ನು ಅಶುದ್ಧವೆಂದು ಹರಿದೊಗೆಯುವ ಪಂಡಿತರ ಬಗ್ಗೆ. ಉದಾಹರಣೆಯಿಲ್ಲದ ವಾದ ಗಾಳಿಗುದ್ದು. ಆದ್ದರಿಂದ ಆ ವಾಕ್ಯವನ್ನು ಇದ್ದಂತೆ ಉದ್ಧರಿಸಿದ್ದೇನೆ. ಹುಡುಗನ ಹೆಸರು ಹಾಕಿಲ್ಲ. 'ಮೂಲತಃ ಹೆಬ್ಬಳ್ಳಿಯ ಪಿಂಜಾರ ಮನೆತನದ ವಿದ್ಯಾರ್ಥಿಯೊಬ್ಬ' ಎಂದಿಷ್ಟೇ. ನನ್ನದೂ ಇಲ್ಲ, 'ಒಬ್ಬ ನಾಗರಿಕ'. ಸಂಪಾದಕರಿಗೆ ಮಾತ್ರ ಬೇರೆ ಚೀಟಿಯಲ್ಲಿ ಹೆಸರು, ವಿಳಾಸ.

ಎಚ್ಚರವನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

೨ ಜನವರಿ ೧೯೪೩, ಶನಿವಾರ

ನಿನ್ನೆಯ ಸಂಚಿಕೆಯಲ್ಲಿ ನನ್ನ ಪತ್ರ ಬಂದಿದೆ. ಮೂರನೆಯ ಪುಟ, ಎರಡು ಕಾಲಂ. ಒಂದೇ ಅಚ್ಚಿನ ತಪ್ಪು. ನಾಲ್ಕು ಸಲ ಓದಿದೆ.

ತರಗತಿ ಇಂದು ಬೇರೆಯೇ ಇತ್ತು. ಹುಡುಗರು ಮಾಸ್ತರ್ರ ಎಂದು ಕೂಗಲಿಲ್ಲ. ಒಬ್ಬನೂ ನನ್ನ ಕಡೆ ನೋಡಲಿಲ್ಲ. ಯಜ್ಞೇಶ್ವರರು ವಿರಾಮ ಚಿಹ್ನೆಗಳ ಪಾಠ ಮಾಡಿದರು. ಬೋರ್ಡಿನ ಮೇಲೆ ಖಡು ಎರಡು ಸಲ ಮುರಿಯಿತು. ಚುಚ್ಚಿರಬೇಕು, ಒಳ್ಳೆಯದಾಯಿತು.

ಗೌಸಮೊದ್ದೀನ ಬಂದಿಲ್ಲ. ಒಂದು ತಾಸನ್ನೂ ತಪ್ಪಿಸಿದವನಲ್ಲ. ಇವರೇ ಏನಾದರೂ ಹೇಳಿ ಬಿಡಿಸಿದರೋ? ಅದನ್ನೂ ಬರೆಯಬೇಕಾದೀತು.

೪ ಜನವರಿ, ಸೋಮವಾರ, ಸಂಜೆ ಏಳು



ಮಧ್ಯಾಹ್ನ ಮೃಣಾಲಿನಿ ತವರಿನಿಂದ ಬಂದಳು. ಪತ್ರಿಕೆ ಕೈಗೆ ಕೊಟ್ಟೆ. ನಿಂತಲ್ಲೇ ಓದಿದಳು. ಟ್ರಂಕು ತೆಗೆದು, ಸೀರೆಗಳ ಅಡಿಯಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮುಂದಿಟ್ಟಳು. ಸೈಕ್ಲೋಸ್ಟೈಲ್ ಬುಲೆಟಿನ್ನು. ಎರಡನೆಯ ಪುಟದಲ್ಲಿ ಬೆರಳು ಇಟ್ಟಳು.

'ಈ ಸರಕಾರ ಹಸಿ ಅರಳೆ ಹಿಂಜಲು ಹೋಗಿ ಬಿಲ್ಲಿನ ನರ ಹರಿದುಕೊಂಡಿದೆ.'

ತಾರೀಖು ನೋಡಿದೆ. ೧೫ ನವೆಂಬರ. ಆ ಹುಡುಗ ತರಗತಿಯಲ್ಲಿ ಓದುವುದಕ್ಕಿಂತ ಹದಿಮೂರು ದಿನ ಮೊದಲು.

"ಊರಾಗಿಂದು ಎಲ್ಲಾ ಓದ್ತೀರಿ. ಇದೊಂದು ಓದಲಿಲ್ಲ ನೀವು."

ಯಜ್ಞೇಶ್ವರರ ಮನೆಗೆ ಹೋದೆ. ನಡೆದೆನೋ ಓಡಿದೆನೋ. ಒಳಗೆ ಕರೆದರು, ಬಾಗಿಲು ಮುಚ್ಚಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

ಆ ಬುಲೆಟಿನ್ನು ಅವರ ಕೈಗೆ ಮೊದಲೇ ಬಂದಿತ್ತಂತೆ. ಹುಡುಗ ವಾಕ್ಯ ಓದಿದ ಕೂಡಲೇ ಬರೆದವನು ಇವನೇ ಎಂದು ತಿಳಿಯಿತಂತೆ. ಆ ಹಾಳೆ ಯಾರ ಕೈಗೂ ಸಿಗಬಾರದೆಂದು ಹರಿಸಿದರಂತೆ. ಈಗ ಇಲ್ಲ ಅದು, ಸುಟ್ಟಿದ್ದಾರೆ. ಫೌಜದಾರ ಕರೆಸಿ ಬುಲೆಟಿನ್ನು ಮುಂದಿಟ್ಟು, ಇದು ಯಾವ ಕಡೆಯ ಕನ್ನಡ, ಬರೆದವರು ಎಂಥವರು, ನೀವು ಪಂಡಿತರು ಹೇಳಿ ಎಂದನಂತೆ. ವಿಜಾಪುರದ ಕಡೆಯದು, ವಯಸ್ಸಾದವರ ಕೈ ಎಂದು ಬರೆದುಕೊಟ್ಟು, ಅದರ ನಕಲೊಂದನ್ನು ಕಿಸೆಗೆ ಹಾಕಿಕೊಂಡು ಬಂದಿದ್ದರು. ಅವನು ನಂಬಿದ್ದ, ವಿಜಾಪುರಕ್ಕೆ ಕಾಗದವನ್ನೂ ಕಳಿಸಿದ್ದ.

ಶುಕ್ರವಾರ ನನ್ನ ಪತ್ರ ಬಂತು. ಪಿಂಜಾರ. ಹೆಬ್ಬಳ್ಳಿ. ಕಾಲೇಜು. ಆ ಕಾಲೇಜಿನಲ್ಲಿ ಪಿಂಜಾರರ ಹುಡುಗ ಒಬ್ಬನೇ.

ಪೋಲೀಸರು ಉಳಿದ ಹುಡುಗರನ್ನೂ ವಿಚಾರಿಸಿದ್ದಾರೆ. ರಚನೆಯ ತಾಸಿನಲ್ಲಿ ತಾವು ನಿದ್ದೆ ಮಾಡುವವರು, ಏನೂ ಕೇಳಿಸಿಕೊಂಡಿಲ್ಲ ಎಂದಿದ್ದಾರಂತೆ, ಒಬ್ಬರಾದ ಮೇಲೆ ಒಬ್ಬರು. ಬೆಂಚು ಬಡಿದು ನಕ್ಕ ಹುಡುಗರು.

ನನಗೊಂದು ಮಾತು ಹೇಳಬಹುದಿತ್ತಲ್ಲ ಎಂದೆ. ಅವರು ನನ್ನನ್ನೇ ನೋಡಿದರು.

"ನಿಮಗ ಹ್ಯಾಂಗ ಹೇಳ್ಲಿ? ಮೊದಲನೇ ದಿನದಿಂದ ನೀವು ನನ್ನ ಫೌಜದಾರ ಕಳ್ಳನ್ನ ನೋಡಿಧಂಗ ನೋಡ್ಕೋತ ಬಂದೀರಿ."

೫ ಜನವರಿ, ಮಂಗಳವಾರ

ಬೆಳಿಗ್ಗೆ ಬೈರಿದೇವರಕೊಪ್ಪಕ್ಕೆ ಹೋಗಿ ಬಂದೆ. ಅಮೀನಸಾಬನ ಮನೆಯಲ್ಲಿ ಬಿಲ್ಲು ಗೂಟಕ್ಕೆ ತೂಗಿತ್ತು. ಅವನು ಅರಳೆಯ ಗುಡ್ಡೆಯ ಮುಂದೆ ಕುಳಿತು ಕೈಯಿಂದಲೇ ಬೀಜ, ಕಸ ಆರಿಸುತ್ತಿದ್ದ. ನನ್ನನ್ನು ಕಂಡು ಎದ್ದ, ಗಾದಿ ಹಾಸಿದ. ಮಗನ ಮಾಸ್ತರ ಎಂಬ ಮರ್ಯಾದೆ ಇನ್ನೂ ಇದೆ.

ಮಗ ಶನಿವಾರ ನಸುಕಿನಲ್ಲೇ ಹೋಗಿದ್ದಾನೆ. ಎಲ್ಲಿಗೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನೆ ಪೋಲೀಸರು ಬಂದು ವಹಿ, ಪುಸ್ತಕ ಎಲ್ಲ ಒಯ್ದರಂತೆ. ಆ ಮಾತು ಯಾರದು ಎಂದು ಕೇಳಿದರಂತೆ.

"ನಂದ್ರೀ ಅಂದೆ. ನಮ್ಮಪ್ಪನೂ ಅಂತಿದ್ದ ಅಂದೆ. ಹಂಗಾರ ನೀನ ಬರದೀಯೇನು ಅಂದ್ರು. ನನಗ ಸಹೀ ಮಾಡಾಕ ಬರೂದಿಲ್ಲಲ್ರೀ ಮಾಸ್ತರ್ರ, ಹೆಬ್ಬಟ್ಟು ತೋರಿಸಿದೆ."

ತುಸು ನಕ್ಕ. ಆಮೇಲೆ ನಗು ಹೋಯಿತು.

"ಯಾರೋ ಪೇಪರಿನ್ಯಾಗ ಬರದಾರಂತ. ನಿಮಗೇನರ ಗೊತ್ತೇನ್ರೀ, ಯಾರಂತ?"

ಇಲ್ಲ ಎನ್ನಬಹುದಿತ್ತು. ಬಾಯಿಗೆ ಬಂದಿತ್ತು. ನಾನೇ ಎಂದೆ.

ಅವನು ಮತ್ತೆ ಅರಳೆ ಬಿಡಿಸತೊಡಗಿದ. ಒಳಗೆ ಅವನ ಹೆಂಡತಿ ಗುಲ್ಜಾರಬಿ ಕೆಮ್ಮಿದಳು. ಕೇಳಿಸಿಕೊಂಡಿರಬೇಕು. ಕೊನೆಗೆ ತಲೆ ಎತ್ತದೆ ಕೇಳಿದ:

"ಛಲೋ ಮಾತಂತ ಬರದ್ರೇನ್ರೀ?"

ಹೌದು ಎಂದೆ. ಅವನು ಬಾಗಿಲ ತನಕ ಬಂದು ಕಳಿಸಿದ. ಬೈದಿದ್ದರೆ ನಡೆಯುವುದು ಸುಲಭವಾಗುತ್ತಿತ್ತು.

ಮನೆಗೆ ಬಂದರೆ ಫೌಜದಾರನ ಚೀಟಿ. ಸಂಪಾದಕರು ನನ್ನ ಹೆಸರು ಕೊಟ್ಟಿದ್ದಾರೆ. ನಾಳೆ ಹತ್ತಕ್ಕೆ ಹಾಜರಾಗಬೇಕು. ಆ ವಾಕ್ಯ ಬರೆದ ವಿದ್ಯಾರ್ಥಿ ಯಾರು, ಲಿಖಿತವಾಗಿ ಕೊಡಬೇಕು. ಬೇರೆ ಸಾಕ್ಷಿ ಅವರ ಬಳಿ ಇಲ್ಲ. ಕೊಟ್ಟರೆ ಅವನ ಮೇಲೆ ವಾರಂಟು, ಎಲ್ಲಿದ್ದರೂ ಹಿಡಿದು ತರುತ್ತಾರೆ. ವರ್ಷಗಟ್ಟಲೆ ಜೈಲು. ಕೊಡದಿದ್ದರೆ...

೬ ಜನವರಿ, ಬುಧವಾರ, ಬೆಳಿಗ್ಗೆ ಎಂಟು

ಹೇಳಿಕೆ ಬರೆದೆ. ಮೊದಲ ಕರಡು ಮೂರು ಪುಟ. ವಾಕ್ ಸ್ವಾತಂತ್ರ್ಯ, ೧೯೩೦ರ ಅನ್ಯಾಯ, ಸರಕಾರದ ನೀತಿ. ಮೃಣಾಲಿನಿ ಓದಿ, ಇದರಲ್ಲಿ ನೀವೇ ತುಂಬಿದ್ದೀರಿ, ಹುಡುಗ ಎಲ್ಲಿ ಎಂದಳು. ನಾಲ್ಕು ಸಾಲು ಸಾಕು ಎಂದಳು. ಸರಿ.

'ಆ ಮಾತನ್ನು ನಾನು ಬೈರಿದೇವರಕೊಪ್ಪದ ಸಾಲೆಯಲ್ಲಿದ್ದಾಗ, ಹತ್ತು ವರ್ಷಗಳ ಹಿಂದೆ, ಅಮೀನಸಾಬರ ಬಾಯಿಂದ ಕೇಳಿದೆನು. ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ಅದನ್ನು ಬರೆದಿಲ್ಲ. ಪತ್ರದಲ್ಲಿಯ ವಿದ್ಯಾರ್ಥಿಯು ವಾದಕ್ಕಾಗಿ ನಾನು ಕಲ್ಪಿಸಿದವನು. ಬುಲೆಟಿನ್ನಿಗೆ ಆ ಸಾಲು ಬರೆದುಕೊಟ್ಟವನು ನಾನು'

ನಾಲ್ಕನೆಯ ವಾಕ್ಯದ ಮೇಲೆ ಅವಳ ಕಣ್ಣು ಬಹಳ ಹೊತ್ತು ನಿಂತಿತು. ನೌಕರಿ, ಪದವಿ, ಮನೆ, ಎಲ್ಲ ಆ ಒಂದು ಸಾಲಿನಲ್ಲಿತ್ತು. ಹೊಡೆದುಹಾಕುತ್ತಾಳೆ ಎಂದುಕೊಂಡೆ.

"ಪೂರ್ಣವಿರಾಮ ಹಾಕೂದು ಬಿಟ್ಟೀರಿ. ಹಾಕ್ರಿ" ಎಂದಳು.

ಹಾಕಿದೆ.

ಎಂಟೂವರೆ

ಒಂದು ಹೊಳೆದಿರಲಿಲ್ಲ. ಅವಳಿಗೆ ಹೊಳೆಯಿತು. ಹೇಳಿಕೆ ಕೊಟ್ಟ ಮೇಲೆ ಮನೆ ಶೋಧ ಮಾಡುತ್ತಾರೆ. ಮಾಡಿದರೆ ಮೊದಲು ಸಿಗುವುದು ಈ ದಿನಚರಿಯ ವಹಿ. ನವೆಂಬರದಿಂದ ಅವನ ಹೆಸರು ಇಲ್ಲಿ ಎಷ್ಟು ಸಲ ಇದೆ, ಅಮೀನಸಾಬನದು, ಯಜ್ಞೇಶ್ವರರದು... ಒಂದು ಸಲವೂ ಬದಲಿ ಹೆಸರು ಹಾಕಲಿಲ್ಲ ನಾನು. ಎಲ್ಲರನ್ನೂ ಸಂಶಯದಿಂದ ಕಂಡವನು ಈ ಹಾಳೆಗಳನ್ನು ಪೂರ್ತಿ ನಂಬಿದ್ದೆ.

ಬಚ್ಚಲ ಒಲೆ ಉರಿಯುತ್ತಿದೆ. ಅವಳು ಎದುರು ನಿಂತು ವಹಿಗೆ ಕೈ ಚಾಚಿದ್ದಾಳೆ. ಒಂದೇ ಸಾಲು, ಕೊಡುತ್ತೇನೆ, ಎಂದೆ.

ಆ ಹುಡುಗನ ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ನನ್ನ ಪತ್ರದಲ್ಲಿ —